ಕ್ರೈಸ್ಟ್‌ಚರ್ಚ್: ಹನ್ನೊಂದಕ್ಕೆ 30 ಡಿಗ್ರಿ, ಸಂಜೆ 12. ಇಲ್ಲಿನ ಹವೆಯನ್ನು ಓದುವುದು ಹೇಗೆ?

ಕೆರೆಏರಿ (ಪ್ರಶ್ನೆ)

ನ್ಯೂಜಿಲೆಂಡಿನ ದಕ್ಷಿಣ ದ್ವೀಪ, ನವೆಂಬರ್ ತಿಂಗಳು. ಹನ್ನೊಂದು ಗಂಟೆಗೆ ವಾಯವ್ಯದಿಂದ ಒಣ ಬಿಸಿಗಾಳಿ, 30 ಡಿಗ್ರಿ. ಸಂಜೆ ಐದರ ಹೊತ್ತಿಗೆ ಗಾಳಿ ದಕ್ಷಿಣಕ್ಕೆ ತಿರುಗಿ 12 ಡಿಗ್ರಿ, ಜೊತೆಗೆ ತುಂತುರು. ಎರಡು ದಿನ ಬಿಟ್ಟು ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ. ಮುಂಗಾರು, ಹಿಂಗಾರು, ಚಳಿಗಾಲ, ಬೇಸಿಗೆ ಎಂದು ಲೆಕ್ಕ ಹಾಕಿ ರೂಢಿಯಾದವರಿಗೆ ಇದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ತಿಳಿಯಬೇಕಾದದ್ದು ಇಷ್ಟು. ಇದಕ್ಕೊಂದು ಕ್ರಮ ಇದೆಯೇ? ಫೋನಿನಲ್ಲಿ ಬರುವ ಸೂರ್ಯ-ಮೋಡದ ಚಿತ್ರ ಬಿಟ್ಟು ಒತ್ತಡದ ನಕ್ಷೆಯನ್ನೇ ಓದಿಕೊಳ್ಳುವುದು ಹೇಗೆ? ಆರ್ಥರ್ಸ್ ಪಾಸ್ ಎಂಬ ಘಟ್ಟ ದಾಟಿ ಪಶ್ಚಿಮ ತೀರದ ಹೊಕಿಟಿಕಾಕ್ಕೆ ಹೋಗಲು ದಿನ ಆರಿಸುವುದು ಹೇಗೆ? ಹಿತ್ತಲಲ್ಲಿ ಟೊಮೇಟೊ ಯಾವಾಗ ನೆಡಬಹುದು? ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಬಂದರೆ ಇಲ್ಲಿ ಏನಾಗುತ್ತದೆ?

ಪಡುವಣಗಾಳಿ

ಕ್ರಮ ಇದೆ, ಆದರೆ ಅದು ತಿಂಗಳಿನದ್ದಲ್ಲ, ವಾರದ್ದು. ಕ್ಯಾಲೆಂಡರ್ ಬದಿಗಿಟ್ಟು ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ದೇಶದ ಮುಖ್ಯ ದ್ವೀಪಗಳು ದಕ್ಷಿಣ ಅಕ್ಷಾಂಶ 34ರಿಂದ 47ರವರೆಗೆ ಚಾಚಿವೆ. ಈ ಪಟ್ಟಿಯಲ್ಲಿ ವರ್ಷವಿಡೀ ಪಡುವಣ ಗಾಳಿಯದೇ ಕಾರುಬಾರು. ಪಶ್ಚಿಮಕ್ಕೆ ಆಸ್ಟ್ರೇಲಿಯಾದವರೆಗೂ ಸಮುದ್ರ, ದಕ್ಷಿಣಕ್ಕೆ ಅಂಟಾರ್ಕ್ಟಿಕಾದವರೆಗೂ ಸಮುದ್ರ. ಆ ಗಾಳಿಗೆ ಅಡ್ಡಲಾಗಿ ಸುಮಾರು 500 ಕಿ.ಮೀ. ಉದ್ದದ ಸದರ್ನ್ ಆಲ್ಪ್ಸ್ ನಿಂತಿದೆ. ಅದರ ಅತಿ ಎತ್ತರದ ಶಿಖರ ಔರಾಕಿ, ಅಂದರೆ ಮೌಂಟ್ ಕುಕ್, 3,724 ಮೀಟರ್. ದಕ್ಷಿಣ ದ್ವೀಪದ ಹವೆಯೆಲ್ಲ ಈ ಗಾಳಿಗೂ ಆ ಗೋಡೆಗೂ ನಡುವಿನ ಜಗಳ.

ಅಧಿಕ ಒತ್ತಡದ ವಲಯಗಳು ಆಸ್ಟ್ರೇಲಿಯಾ ಕಡೆಯಿಂದ ಒಂದರ ಹಿಂದೊಂದು ಬರುತ್ತವೆ, ಸಾಮಾನ್ಯವಾಗಿ ಆರೇಳು ದಿನಕ್ಕೊಂದು. ಎರಡರ ನಡುವಿನ ತಗ್ಗಿನಲ್ಲಿ ಕೋಲ್ಡ್ ಫ್ರಂಟ್, ಅಂದರೆ ನುಗ್ಗಿ ಬರುವ ತಣ್ಣನೆಯ ಗಾಳಿಯ ಅಂಚು, ಬರುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ ನಿಂತು ನೋಡಿದರೆ ಮೊದಲು ಶಾಂತ, ಬಿಸಿಲಿನ ದಿನಗಳು. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ತಣ್ಣನೆಯ ಈಶಾನ್ಯ ಗಾಳಿ. ಆಮೇಲೆ ಎತ್ತರದಲ್ಲಿ ಎಳೆಎಳೆಯಾದ ಮೋಡ, ಪಶ್ಚಿಮದ ಬೆಟ್ಟಸಾಲಿನ ಮೇಲೆ ಕಮಾನಿನಂತೆ ಬಾಗಿದ ಮೋಡದ ಅಂಚು, ಅದರ ಕೆಳಗೆ ಸ್ವಚ್ಛ ನೀಲಿ ಪಟ್ಟಿ. ಇದೇ ನಾರ್ವೆಸ್ಟ್ ಆರ್ಚ್. ಕಮಾನು ಕಂಡಿತೆಂದರೆ ಬೆಟ್ಟದ ಮೇಲೆ ಬಲವಾದ ವಾಯವ್ಯ ಗಾಳಿ ಬೀಸುತ್ತಿದೆ ಎಂದರ್ಥ. ಅದು ಕೆಳಗಿಳಿದು ನಗರದವರೆಗೆ ಬರುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಕರಾವಳಿಯಲ್ಲಿ ತಣ್ಣನೆಯ ಈಶಾನ್ಯ ಗಾಳಿಯ ತೆಳು ಪದರ ಕೆಲವೊಮ್ಮೆ ಜಗ್ಗದೆ ಕೂತಿರುತ್ತದೆ. ಆಗ ಒಳನಾಡಿನಲ್ಲಿ 29 ಇದ್ದಾಗ ಕಡಲ ದಂಡೆಯಲ್ಲಿ 18 ಇರಬಹುದು. ಆ ಪದರ ಕಿತ್ತುಹೋದ ಕ್ಷಣ ಉಷ್ಣಾಂಶ ಒಮ್ಮೆಲೇ ಜಿಗಿಯುತ್ತದೆ.

ಕೊನೆಗೆ ಫ್ರಂಟ್. ದಕ್ಷಿಣ ದಿಗಂತದಲ್ಲಿ ಕೆಳಮಟ್ಟದ ಕಪ್ಪು ಮೋಡದ ಸಾಲು, ಕೆಲವೊಮ್ಮೆ ಧೂಳು. ಒಂದು ಗಂಟೆಯೊಳಗೆ 10 ಡಿಗ್ರಿಗೂ ಹೆಚ್ಚು ಇಳಿತ ಅಪರೂಪವಲ್ಲ. ಇಲ್ಲಿಯವರು 'ಸದರ್ಲಿ ಬಂತು' ಎನ್ನುವುದು ಇದನ್ನೇ.

ಬಿಸಿ ಎಲ್ಲಿಂದ ಬಂತೆಂದು ಲೆಕ್ಕ ಹಾಕಿ ನೋಡಿ. ಪಶ್ಚಿಮ ತೀರದಲ್ಲಿ ಗಾಳಿ 15 ಡಿಗ್ರಿ ಇದೆ ಎನ್ನಿ. ಮೋಡ ಕಟ್ಟುವ ಮೊದಲು ಮೇಲೇರುವ ಗಾಳಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ತಣಿಯುತ್ತದೆ, 500 ಮೀಟರ್ ಎತ್ತರದಲ್ಲಿ ಅದರ ಉಷ್ಣಾಂಶ 10 ಡಿಗ್ರಿ. ಅಲ್ಲಿಂದ ಮೋಡ, ಮಳೆ. ಆವಿ ನೀರಾಗುವಾಗ ಬಿಡುವ ಶಾಖದಿಂದ ತಣಿಯುವ ವೇಗ ಕಿಲೋಮೀಟರಿಗೆ ಸುಮಾರು 6 ಡಿಗ್ರಿಗೆ ಇಳಿಯುತ್ತದೆ. 2,500 ಮೀಟರಿನಲ್ಲಿ ಮೈನಸ್ 2. ಈಗ ನೀರು ಸುರಿಸಿ ಹಗುರಾದ ಗಾಳಿ ಪೂರ್ವಕ್ಕೆ ಇಳಿಯುವಾಗ ಪೂರ್ತಿ 9.8ರ ದರದಲ್ಲೇ ಕಾಯುತ್ತದೆ. ಸಮುದ್ರಮಟ್ಟಕ್ಕೆ ಬಂದಾಗ 22ರಿಂದ 23. ಏಳೆಂಟು ಡಿಗ್ರಿ ಲಾಭ, ತೇವ ಮಾತ್ರ ಪಶ್ಚಿಮದ ಕಾಡಿನ ಪಾಲು.

ಸಮಭಾರ

ಮೇಲಿನ ಲೆಕ್ಕ ಸರಿ, ಆದರೆ ಅದೊಂದೇ ಕಾರಣ ಎಂದುಕೊಂಡರೆ ತಪ್ಪಾಗುತ್ತದೆ. ಪಶ್ಚಿಮ ತೀರದ ಕೆಳಮಟ್ಟದ ಗಾಳಿ ಎಷ್ಟೋ ಸಲ ಬೆಟ್ಟ ಹತ್ತುವುದೇ ಇಲ್ಲ. ಗೋಡೆಗೆ ತಡೆದು ನಿಲ್ಲುತ್ತದೆ, ಇಲ್ಲವೇ ಕುಕ್ ಜಲಸಂಧಿಯ ಕಡೆಗೆ, ದಕ್ಷಿಣದ ಫೋವೋ ಜಲಸಂಧಿಯ ಕಡೆಗೆ ಬಳಸಿ ಹೋಗುತ್ತದೆ. ವೆಲಿಂಗ್ಟನ್‌ನ ಗಾಳಿಯ ಖ್ಯಾತಿಗೆ ಕುಕ್ ಜಲಸಂಧಿಯ ಈ ಕಿಂಡಿಯೇ ಮುಖ್ಯ ಕಾರಣ. ಪೂರ್ವದಲ್ಲಿ ಇಳಿಯುವುದು ಹೆಚ್ಚಾಗಿ ಮೊದಲೇ ಎತ್ತರದಲ್ಲಿದ್ದ ಒಣ ಗಾಳಿ. ಇಳಿಯುವಾಗ ಮೋಡ ಕರಗಿ ಬಿಸಿಲೂ ಸೇರಿಕೊಳ್ಳುತ್ತದೆ. ಅದರ ಮೇಲೆ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಕಾದ ಗಾಳಿ ಟಾಸ್ಮನ್ ಸಮುದ್ರ ದಾಟಿ ಬಂದಿದ್ದರೆ ದಾಖಲೆಗಳು ಮುರಿಯುತ್ತವೆ. ದೇಶದ ಗರಿಷ್ಠ ಉಷ್ಣಾಂಶ 42.4 ಡಿಗ್ರಿ ದಾಖಲಾದದ್ದು ಕ್ರೈಸ್ಟ್‌ಚರ್ಚ್‌ನ ಉತ್ತರಕ್ಕಿರುವ ರಂಗಿಯೋರಾದಲ್ಲಿ, 1973ರ ಫೆಬ್ರವರಿ 7ರಂದು, ವಾಯವ್ಯ ಗಾಳಿಯ ದಿನವೇ.

ಇನ್ನು ನಕ್ಷೆ. ಭಾರತದ ನಕ್ಷೆ ನೋಡಿ ಅಭ್ಯಾಸವಾದವರು ಎಡವುವುದು ಒಂದೇ ಕಡೆ: ಇಲ್ಲಿ ಕಡಿಮೆ ಒತ್ತಡದ ಸುತ್ತ ಗಾಳಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತುತ್ತದೆ, ಅಧಿಕ ಒತ್ತಡದ ಸುತ್ತ ಅದಕ್ಕೆ ವಿರುದ್ಧವಾಗಿ. ಬಂಗಾಳ ಕೊಲ್ಲಿಯ ಚಂಡಮಾರುತದ ತದ್ವಿರುದ್ಧ. ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಬಲಗಡೆ ಇರುತ್ತದೆ. ವಾಯವ್ಯ ಗಾಳಿಗೆ ಬೆನ್ನು ಕೊಟ್ಟರೆ ಬಲಗೈ ನೈಋತ್ಯಕ್ಕೆ ಚಾಚುತ್ತದೆ, ಮುಂದಿನ ಫ್ರಂಟ್ ಬರುವುದೂ ಆ ಕಡೆಯಿಂದಲೇ.

ನಕ್ಷೆಯಲ್ಲಿ ಮೊದಲು ಸಮಭಾರ ರೇಖೆಗಳ, ಅಂದರೆ ಒಂದೇ ಒತ್ತಡದ ಜಾಗಗಳನ್ನು ಸೇರಿಸುವ ಗೆರೆಗಳ, ದಟ್ಟಣೆ ನೋಡಿ. ಅವು ಆಲ್ಪ್ಸ್‌ಗೆ ಅಡ್ಡವಾಗಿ ಒತ್ತೊತ್ತಾಗಿದ್ದರೆ ವಾಯವ್ಯ ಗಾಳಿ ಜೋರು. ಆಮೇಲೆ ನೀಲಿ ತ್ರಿಕೋನಗಳಿರುವ ಗೆರೆ, ಅಂದರೆ ಕೋಲ್ಡ್ ಫ್ರಂಟ್, ಈಗ ಎಲ್ಲಿದೆ, 12 ಗಂಟೆ ನಂತರದ ನಕ್ಷೆಯಲ್ಲಿ ಎಲ್ಲಿದೆ ಎಂದು ಅಳೆಯಿರಿ. ಆ ಗೆರೆ ನೆಟ್ಟಗೆ ಚಲಿಸುವುದಿಲ್ಲ. ಬೆಟ್ಟಕ್ಕೆ ಸಿಕ್ಕು ಪಶ್ಚಿಮ ತೀರದಲ್ಲಿ ನಿಧಾನವಾಗುತ್ತದೆ, ಪೂರ್ವ ತೀರದಗುಂಟ ಬೇಗ ನುಗ್ಗುತ್ತದೆ. ಮುನ್ಸೂಚನೆಯಲ್ಲಿ 'ಸಂಜೆ' ಎಂದಿದ್ದ ಸದರ್ಲಿ ಮಧ್ಯಾಹ್ನವೇ ಬಂದುಬಿಡಲು ಇದೂ ಒಂದು ಕಾರಣ.

ಫ್ರಂಟ್ ಬರುವ ದಿನ ನಕ್ಷೆಗಿಂತ ವೀಕ್ಷಣಾ ಕೇಂದ್ರಗಳ ತಾಜಾ ಅಂಕಿಗಳೇ ವಾಸಿ. ಇನ್ವರ್‌ಕಾರ್ಗಿಲ್, ಡುನೆಡಿನ್, ಒಮಾರು, ಟಿಮಾರು, ಆಶ್‌ಬರ್ಟನ್: ಫ್ರಂಟ್ ಈ ಸಾಲಿನಲ್ಲೇ ಮೇಲೆ ಬರುತ್ತದೆ. ಟಿಮಾರುವಿನಲ್ಲಿ ಗಾಳಿ ದಕ್ಷಿಣಕ್ಕೆ ತಿರುಗಿ ಉಷ್ಣಾಂಶ ಕುಸಿದರೆ, ಗಂಟೆಗೆ 50 ಕಿ.ಮೀ. ವೇಗದ ಫ್ರಂಟ್ ಕ್ರೈಸ್ಟ್‌ಚರ್ಚ್ ಮುಟ್ಟಲು ಸುಮಾರು ಮೂರು ಗಂಟೆ. ಟಿಮಾರು-ಆಶ್‌ಬರ್ಟನ್ ನಡುವೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ ಆ ವೇಗವನ್ನು ತಿದ್ದಿಕೊಳ್ಳಿ.

ವಾಯುಭಾರ ಮಾಪಕ ಇಟ್ಟುಕೊಳ್ಳುವವರಿಗೆ ಎರಡು ಮಾತು. ಫೋನಿನ ಸಂವೇದಕ ತೋರಿಸುವುದು ನಿಂತ ಜಾಗದ ಒತ್ತಡ. ಸಮುದ್ರಮಟ್ಟಕ್ಕೆ ತರಲು ತಗ್ಗಿನಲ್ಲಿ ಪ್ರತಿ 8 ಮೀಟರಿಗೆ ಸುಮಾರು 1 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ಕೂಡಿಸಬೇಕು. ಬೆಂಗಳೂರಿನಲ್ಲಿ ಅದೇ ಫೋನ್ 910ರ ಆಸುಪಾಸು ತೋರಿಸುವುದು ಎತ್ತರದಿಂದಲೇ ಹೊರತು ಚಂಡಮಾರುತದಿಂದಲ್ಲ. ಮತ್ತೆ, ಬೆಂಗಳೂರಿನ ಒತ್ತಡ ದಿನಕ್ಕೆರಡು ಸಲ ಏರಿಳಿಯುತ್ತದೆ, ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಇಲ್ಲಿ ಆ ಏರಿಳಿತ ಬಲು ಚಿಕ್ಕದು. ಮೂರು ಗಂಟೆಯಲ್ಲಿ 4 ಹೆಕ್ಟೋಪಾಸ್ಕಲ್ ಇಳಿದರೆ ಏನೋ ಬರುತ್ತಿದೆ ಎಂದೇ ತಿಳಿಯಿರಿ. ಆದರೆ ಕ್ರೈಸ್ಟ್‌ಚರ್ಚ್ ಇರುವ ಕ್ಯಾಂಟರ್ಬರಿ ಪ್ರದೇಶದಲ್ಲಿ ಇಳಿತ ಎಂದರೆ ಮಳೆ ಎಂದಲ್ಲ. ವಾಯವ್ಯ ಗಾಳಿ ಬೆಟ್ಟ ದಾಟುವಾಗ ಪೂರ್ವದ ಮಗ್ಗುಲಲ್ಲಿ ಒತ್ತಡದ ತಗ್ಗು ತಾನಾಗಿ ಹುಟ್ಟುತ್ತದೆ. ಮಾಪಕ ಪಾತಾಳಕ್ಕಿಳಿದರೂ ಬಿಸಿಲು ಸುಡುತ್ತಲೇ ಇರುತ್ತದೆ. ಮಳೆಯ ಸುಳಿವು ಸಿಗುವುದು ಇಳಿತ ನಿಂತು ಒಮ್ಮೆಲೇ ಮೇಲೇರಿದಾಗ, ಸದರ್ಲಿಯ ಜೊತೆಗೆ.

ಘಟ್ಟದಾಚೆ

ಹೊಕಿಟಿಕಾ ಪ್ರವಾಸದ ಬಗ್ಗೆ.

ಹೊಕಿಟಿಕಾದಲ್ಲಿ ವರ್ಷಕ್ಕೆ ಸುಮಾರು 2,900 ಮಿ.ಮೀ. ಮಳೆ. ನೇರ ಗೆರೆಯಲ್ಲಿ ಸುಮಾರು 160 ಕಿ.ಮೀ. ದೂರದ ಕ್ರೈಸ್ಟ್‌ಚರ್ಚ್‌ನಲ್ಲಿ ಸುಮಾರು 600. ನಡುವಿನ ಆರ್ಥರ್ಸ್ ಪಾಸ್ ಹಳ್ಳಿಯಲ್ಲಿ 4,000 ದಾಟುತ್ತದೆ. ಇನ್ನೂ ದಕ್ಷಿಣದ ಮಿಲ್ಫರ್ಡ್ ಸೌಂಡ್‌ನಲ್ಲಿ 6,500ಕ್ಕೂ ಹೆಚ್ಚು, ಅದೇ ದ್ವೀಪದ ಒಳನಾಡಿನ ಅಲೆಕ್ಸಾಂಡ್ರಾದಲ್ಲಿ 350ರ ಸುಮಾರು. ಆಗುಂಬೆ-ಚಳ್ಳಕೆರೆ ನೋಡಿದವರಿಗೆ ಮಳೆ ನೆರಳು ಹೊಸದೇನಲ್ಲ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ಆಗುಂಬೆಯ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ಗೆ ಸುರಿದು ಮುಗಿಯುತ್ತದೆ. ಇಲ್ಲಿ ಮಳೆಗಾಲವೆಂಬುದೇ ಇಲ್ಲ, ಜನವರಿಯಲ್ಲೂ ಜುಲೈಯಲ್ಲೂ ಸುರಿಯಬಹುದು. ಪಶ್ಚಿಮ ತೀರದಲ್ಲಿ ವಸಂತವೇ, ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್, ಗಾಳಿ-ಮಳೆಯ ಜೋರಿನ ಕಾಲ. ಫೆಬ್ರವರಿ, ಮತ್ತೆ ಚಳಿಗಾಲದ ನಡುವಿನ ಶಾಂತ ದಿನಗಳು ವಾಸಿ. 'ಜುಲೈಯಲ್ಲಿ ಚಳಿ, ಹೋಗುವುದು ಬೇಡ' ಎಂದು ಬಿಡುವವರು ಪಶ್ಚಿಮ ತೀರದ ಅತಿ ಸ್ವಚ್ಛ ಆಕಾಶವನ್ನೇ ಕಳೆದುಕೊಳ್ಳುತ್ತಾರೆ.

ದಿನ ಆರಿಸುವುದು ಸುಲಭ. ವಾಯವ್ಯ ಗಾಳಿಯ ಮುನ್ಸೂಚನೆ ಇದ್ದರೆ ಕ್ರೈಸ್ಟ್‌ಚರ್ಚ್‌ನಲ್ಲಿ ಬಿಸಿಲು, ಹೊಕಿಟಿಕಾದಲ್ಲಿ ಮಳೆ. ದಕ್ಷಿಣ ಅಥವಾ ಆಗ್ನೇಯ ಗಾಳಿ ಇದ್ದರೆ ಕ್ರೈಸ್ಟ್‌ಚರ್ಚ್ ಬೂದು, ಹೊಕಿಟಿಕಾ ಬಹಳ ಸಲ ನಿರ್ಮಲ. ಮನೆಯ ಕಿಟಕಿಯಲ್ಲಿ ತುಂತುರು ಕಂಡು ಪ್ರವಾಸ ರದ್ದು ಮಾಡಬೇಡಿ, ಬಿಸಿಲು ಕಂಡು ಹೊರಡಲೂ ಬೇಡಿ.

ಅಪಾಯ ಇರುವುದು ಇಲ್ಲಿ: ಜೋರು ವಾಯವ್ಯದಲ್ಲಿ ಮಳೆ ಶಿಖರದಲ್ಲೇ ನಿಲ್ಲದೆ ಪೂರ್ವಕ್ಕೂ ಹತ್ತಿಪ್ಪತ್ತು ಕಿಲೋಮೀಟರ್ ಚೆಲ್ಲುತ್ತದೆ. ವೈಮಕರಿರಿ, ರಕಾಯಾ, ರಂಗಿಟಾಟಾ ನದಿಗಳ ತಲೆಭಾಗ ಅಲ್ಲೇ ಇದೆ. ಹಾಗಾಗಿ ಬಯಲಿನಲ್ಲಿ ಹನಿ ಮಳೆ ಇಲ್ಲದೆ, ನೀಲಿ ಆಕಾಶದ ಕೆಳಗೇ ಪ್ರವಾಹ ಬರುತ್ತದೆ. 2019ರ ಡಿಸೆಂಬರ್‌ನಲ್ಲಿ ರಂಗಿಟಾಟಾ ಉಕ್ಕಿ ರಾಷ್ಟ್ರೀಯ ಹೆದ್ದಾರಿ 1ನ್ನೂ ರೈಲು ದಾರಿಯನ್ನೂ ಕಡಿದದ್ದು ಹೀಗೆ. ಅದೇ ವರ್ಷ ಮಾರ್ಚ್‌ನಲ್ಲಿ ಪಶ್ಚಿಮದ ಫ್ರಾಂಜ್ ಜೋಸೆಫ್ ಬಳಿ ವೈಹೊ ಸೇತುವೆಯೇ ಕೊಚ್ಚಿಹೋಗಿತ್ತು. ನದಿಯ ಕಲ್ಲುಹಾಸಿನಲ್ಲಿ ಟೆಂಟ್ ಹಾಕುವವರು ತಲೆಯ ಮೇಲಿನ ಆಕಾಶ ನೋಡಿದರೆ ಸಾಲದು, ಪ್ರಾದೇಶಿಕ ಮಂಡಳಿಯ ಜಾಲತಾಣದಲ್ಲಿ ಮೇಲ್ಭಾಗದ ನೀರಿನ ಮಟ್ಟವನ್ನೂ ನೋಡಬೇಕು.

ಕ್ಯಾಂಟರ್ಬರಿ ಸದಾ ಮಳೆ ನೆರಳಿನಲ್ಲಿ ಸುರಕ್ಷಿತ ಎಂಬ ಮಾತೂ ಅರ್ಧ ನಿಜ. 2021ರ ಮೇ ಕೊನೆಯಲ್ಲಿ ತೇವಭರಿತ ಪೂರ್ವದ ಗಾಳಿ ದಿನಗಟ್ಟಲೆ ಅದೇ ಬೆಟ್ಟಕ್ಕೆ ಈ ಮಗ್ಗುಲಿನಿಂದ ಬಡಿಯಿತು. ಆಶ್‌ಬರ್ಟನ್ ಸೇತುವೆ ಕುಸಿದು ಹೆದ್ದಾರಿ ಮುಚ್ಚಿತು. ದಿಕ್ಕು ತಿರುಗಿದರೆ ನೆರಳೂ ತಿರುಗುತ್ತದೆ.

ಎಚ್ಚರಿಕೆಗಳನ್ನು ದೇಶದ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್‌ನದ್ದೇ ನೋಡಿ. ಹಳದಿ ವಾಚ್ ಎಂದರೆ ಸಾಧ್ಯತೆ, ಕಿತ್ತಳೆ ವಾರ್ನಿಂಗ್ ಎಂದರೆ ಬಹುತೇಕ ಖಚಿತ, ಕೆಂಪು ಅತಿ ಗಂಭೀರಕ್ಕೆ ಮಾತ್ರ. ಭಾರಿ ಮಳೆಯ ವಾರ್ನಿಂಗ್‌ಗೆ ರೂಢಿಯ ಅಳತೆ 6 ಗಂಟೆಯಲ್ಲಿ 50 ಮಿ.ಮೀ. ಅಥವಾ 24 ಗಂಟೆಯಲ್ಲಿ 100 ಮಿ.ಮೀ. ಗಾಳಿಗೆ ಗಂಟೆಗೆ 110 ಕಿ.ಮೀ.ಗೂ ಮೀರಿದ ಬೀಸು. ಆ ವೇಗದಲ್ಲಿ ಕ್ಯಾಂಪರ್‌ವ್ಯಾನ್ ಓಡಿಸುವುದು ಧೈರ್ಯವಲ್ಲ, ಮೂರ್ಖತನ.

ಚಳಿಗಾಲವಾದರೆ ಹಿಮದ ಮಟ್ಟ ನೋಡಿ. ಮುನ್ಸೂಚನೆಯಲ್ಲಿ ಶೂನ್ಯ ಡಿಗ್ರಿಯ ಎತ್ತರ 1,200 ಮೀಟರ್ ಎಂದಿದ್ದರೆ ಹಿಮ ಬೀಳುವುದು ಅದಕ್ಕಿಂತ 200-300 ಮೀಟರ್ ಕೆಳಗಿನವರೆಗೂ. ಬೀಳುವ ಹಿಮ ಕರಗಲು ಅಷ್ಟು ದೂರ ಬೇಕು. ಆರ್ಥರ್ಸ್ ಪಾಸ್ 920 ಮೀಟರ್, ಅದಕ್ಕೂ ಮೊದಲು ಸಿಗುವ ಪೋರ್ಟರ್ಸ್ ಪಾಸ್ ಅದಕ್ಕಿಂತ ತುಸು ಎತ್ತರ, ಸುಮಾರು 940. ಜನ ಹೆಸರಾಂತ ಪಾಸ್‌ಗೆ ಹೆದರಿ ಪೋರ್ಟರ್ಸ್‌ನಲ್ಲಿ ಸಿಕ್ಕಿಬೀಳುತ್ತಾರೆ. ಚಕ್ರದ ಸರಪಳಿಯನ್ನು ಮನೆಯ ಅಂಗಳದಲ್ಲೇ ಒಮ್ಮೆ ಹಾಕಿ ಕಲಿಯಿರಿ.

ಹಿತ್ತಲಬಳ್ಳಿ

ಟೊಮೇಟೊಗೆ ಬರೋಣ. ಇಲ್ಲಿನ ರೂಢಿ ಅಕ್ಟೋಬರ್ ನಾಲ್ಕನೇ ಸೋಮವಾರದ ಲೇಬರ್ ಡೇ ವಾರಾಂತ್ಯಕ್ಕೆ ನೆಡುವುದು. ಕ್ಯಾಂಟರ್ಬರಿಯಲ್ಲಿ ಅದು ಸ್ವಲ್ಪ ಅವಸರ. ನವೆಂಬರ್ ಮಧ್ಯದವರೆಗೆ ಕಾದರೆ ನಷ್ಟವಿಲ್ಲ, ತಣ್ಣನೆಯ ಮಣ್ಣಿನಲ್ಲಿ ಗಿಡ ಹೇಗೂ ಸುಮ್ಮನೆ ನಿಂತಿರುತ್ತದೆ.

ಫ್ರಾಸ್ಟ್ ಬರುವುದು ಸದರ್ಲಿ ಬೀಸುವ ರಾತ್ರಿಯಲ್ಲ. ಗಾಳಿ, ಮೋಡ ಇರುವವರೆಗೆ ನೆಲದ ಶಾಖ ಉಳಿಯುತ್ತದೆ. ಸದರ್ಲಿ ನಿಂತು, ಅಧಿಕ ಒತ್ತಡ ಮೇಲೆ ಬಂದು, ಆಕಾಶ ತೊಳೆದಿಟ್ಟಂತಾದ ಮೊದಲ ಅಥವಾ ಎರಡನೇ ರಾತ್ರಿ ಎಚ್ಚರ. ಮುನ್ಸೂಚನೆಯಲ್ಲಿ ಕನಿಷ್ಠ 3 ಡಿಗ್ರಿ ಎಂದಿದ್ದರೂ ಹೊದಿಸಿ. ಆ 3 ನೆಲದಿಂದ ಒಂದೂಕಾಲು ಮೀಟರ್ ಮೇಲಿನ ಪೆಟ್ಟಿಗೆಯೊಳಗಿನದು, ಹುಲ್ಲಿನ ಮಟ್ಟದಲ್ಲಿ ಅದಕ್ಕಿಂತ 3-4 ಡಿಗ್ರಿ ಕಡಿಮೆ ಇರಬಹುದು. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಇಳಿಜಾರಿನ ಕೆಳಗೆ ಗಟ್ಟಿ ಬೇಲಿ ಇದ್ದರೆ ಅಲ್ಲಿ ತುಂಬಿ ನಿಲ್ಲುತ್ತದೆ, ಆ ಮೂಲೆಯಲ್ಲಿ ನೆಡಬೇಡಿ.

ಫ್ರಾಸ್ಟ್ ಬಟ್ಟೆಯನ್ನು ಸೂರ್ಯ ಮುಳುಗುವ ಮೊದಲೇ, ನೆಲದಲ್ಲಿ ಶಾಖ ಇರುವಾಗಲೇ ಹೊದಿಸಿ ಅಂಚನ್ನು ನೆಲಕ್ಕೆ ತಾಗಿಸಿ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆ ಎಲೆ ಸುಟ್ಟಂತಾಗುತ್ತದೆ. ದ್ರಾಕ್ಷಿ ತೋಟದವರು ರಾತ್ರಿ ನೀರು ಸಿಂಪಡಿಸುವುದನ್ನು ನೋಡಿ ಕೊಳವೆ ಹಿಡಿಯುವವರಿದ್ದಾರೆ. ನೀರು ಮಂಜುಗಡ್ಡೆಯಾಗುವಾಗ ಬಿಡುವ ಶಾಖವೇ ಅಲ್ಲಿ ಮೊಗ್ಗನ್ನು ಕಾಯುವುದು. ಹಾಗಾಗಿ ಬೆಳಗಾಗಿ ಗಡ್ಡೆ ಕರಗುವವರೆಗೆ ನಿಲ್ಲಿಸುವಂತಿಲ್ಲ. ನಡುವೆ ನಿಲ್ಲಿಸಿದರೆ ಒದ್ದೆ ಎಲೆ ಆರುತ್ತಾ ಇನ್ನಷ್ಟು ತಣಿದು ಸಾಯುತ್ತದೆ.

ನಾರ್ವೆಸ್ಟರ್, ಅಂದರೆ ಬಿಸಿ ವಾಯವ್ಯ ಗಾಳಿ, ಇನ್ನೊಂದು ಬಗೆಯಲ್ಲಿ ಕೊಲ್ಲುತ್ತದೆ. ಬೆಳಿಗ್ಗೆ ನೀರು ಹಾಕಿದ್ದರೂ ಸಂಜೆಗೆ ಎಳೆ ಸಸಿ ಒಣಗಿ ಬಾಗಿರುತ್ತದೆ. ಹಿಂದಿನ ರಾತ್ರಿಯೇ ಬೇರಿನವರೆಗೆ ನೆನೆಸಿ, ಕಟ್ಟಿಗೆ ಊರಿ ಕಟ್ಟಿ, ವಾಯವ್ಯದ ಕಡೆ ಶೇಡ್ ಬಟ್ಟೆ ನಿಲ್ಲಿಸಿ. ಬೆಂಡೆಕಾಯಿ ಬೇಕೆಂದರೆ ಗಾಜಿನ ಮನೆಯೇ ಗತಿ.

ಕೊನೆಗೆ, ತಣ್ಣಗಿದೆ ಎಂದು ಟೋಪಿ ಬಿಡಬೇಡಿ. ಇಲ್ಲಿ ಬೇಸಿಗೆಯ ನೇರಳಾತೀತ ಕಿರಣ ಉತ್ತರ ಗೋಳಾರ್ಧದ ಅದೇ ಅಕ್ಷಾಂಶಕ್ಕಿಂತ ಸುಮಾರು ಶೇ. 40 ಹೆಚ್ಚು. ಓಝೋನ್ ಕಡಿಮೆ, ಗಾಳಿ ಸ್ವಚ್ಛ, ಜನವರಿ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ. 16 ಡಿಗ್ರಿಯ ದಿನವೂ ಚರ್ಮ ಸುಡುತ್ತದೆ.

ಎಳ್ಳುಬೆಲ್ಲ

ಎಲ್ ನಿನೊ ಬಗ್ಗೆ ಯಾರೂ ಮುಟ್ಟಲಿಲ್ಲ.

ಎಲ್ ನಿನೊ ಬೇಸಿಗೆಯಲ್ಲಿ ಇಲ್ಲಿ ಪಡುವಣ ಗಾಳಿ ಬಲಿಯುತ್ತದೆ. ಪಶ್ಚಿಮಕ್ಕೆ ಮಳೆ, ಪೂರ್ವಕ್ಕೆ ಒಣ. ಚಳಿಗಾಲದಲ್ಲಿ ದಕ್ಷಿಣದ ತಣ್ಣನೆಯ ಗಾಳಿ ಹೆಚ್ಚು. ಅದರ ತದ್ವಿರುದ್ಧವಾದ ಲಾ ನಿನಾದಲ್ಲಿ ಈಶಾನ್ಯದ ತೇವಗಾಳಿ ಹೆಚ್ಚಿ ಉತ್ತರ ದ್ವೀಪದ ಈಶಾನ್ಯಕ್ಕೆ ಮಳೆ, ದಕ್ಷಿಣ ದ್ವೀಪದ ದಕ್ಷಿಣ-ನೈಋತ್ಯ ಒಣಗುತ್ತದೆ. 1997-98ರ ಪ್ರಬಲ ಎಲ್ ನಿನೊದಲ್ಲಿ ಪೂರ್ವ ತೀರದ ರೈತರು ತೀವ್ರ ಬರ ಕಂಡರು. ಅದೇ 1997ರಲ್ಲಿ ಭಾರತದ ಮುಂಗಾರು ಸರಾಸರಿಯ ಶೇ. 102 ಸುರಿಯಿತು. 'ಎಲ್ ನಿನೊ ಬಂದರೆ ಬರ' ಎಂದು ಎರಡೂ ದೇಶಕ್ಕೆ ಒಂದೇ ಸೂತ್ರ ಹಿಡಿದವರಿಗೆ ಆ ವರ್ಷವೊಂದೇ ಸಾಕು.

ಇಲ್ಲಿ ಋತುವಿನ ಮಳೆ, ಉಷ್ಣಾಂಶ ವರ್ಷದಿಂದ ವರ್ಷಕ್ಕೆ ಬದಲಾಗುವುದರಲ್ಲಿ ಈ ಚಕ್ರದ ಪಾಲು ನಾಲ್ಕನೇ ಒಂದಕ್ಕಿಂತ ಕಡಿಮೆ. ಅಂಟಾರ್ಕ್ಟಿಕಾದ ಸುತ್ತಲಿನ ಪಡುವಣ ಗಾಳಿಯ ಪಟ್ಟಿ ಉತ್ತರಕ್ಕೆ ಸರಿಯುತ್ತದೋ ದಕ್ಷಿಣಕ್ಕೋ ಎಂಬುದನ್ನೂ ನೋಡಬೇಕು. ದಕ್ಷಿಣಕ್ಕೆ ಸರಿದಾಗ ಇಲ್ಲಿ ಶಾಂತ, ಉತ್ತರಕ್ಕೆ ಬಂದಾಗ ಬಿರುಗಾಳಿ. ಇದು ವಾರಗಳಲ್ಲಿ ಬದಲಾಗುವ ಆಟ, ಆರು ತಿಂಗಳ ಮೊದಲೇ ಹೇಳಲು ಬರುವುದಿಲ್ಲ.

ಅಂಕಿಯಲ್ಲೇ ಬೇಕೆನ್ನುವವರಿಗೆ ಟ್ರೆನ್‌ಬರ್ತ್ ಸೂಚ್ಯಂಕಗಳಿವೆ, ನ್ಯೂಜಿಲೆಂಡ್ ಮೂಲದ ವಿಜ್ಞಾನಿ ಕೆವಿನ್ ಟ್ರೆನ್‌ಬರ್ತ್ ರೂಪಿಸಿದ್ದು. ಆಕ್ಲೆಂಡ್‌ನ ಒತ್ತಡದಿಂದ ಕ್ರೈಸ್ಟ್‌ಚರ್ಚ್‌ನ ಒತ್ತಡ ಕಳೆದರೆ ಪಡುವಣ ಗಾಳಿಯ ಬಲ ಸಿಗುತ್ತದೆ. ಆಸ್ಟ್ರೇಲಿಯಾದ ಹೋಬರ್ಟ್‌ನ ಒತ್ತಡದಿಂದ ನ್ಯೂಜಿಲೆಂಡಿನ ಪೂರ್ವಕ್ಕಿರುವ ಚಾಥಮ್ ದ್ವೀಪದ್ದನ್ನು ಕಳೆದರೆ ದಕ್ಷಿಣ ಗಾಳಿಯ ಬಲ. ತಿಂಗಳ ಸರಾಸರಿಗೆ ಮಾಡಿದ್ದು ಇದು, ಆದರೂ ಇವತ್ತಿನ ನಾಲ್ಕು ಅಂಕಿ ಹಾಕಿ ನೋಡಿದರೆ ನಕ್ಷೆ ಅರ್ಧ ಅರ್ಥವಾಗುತ್ತದೆ.

ಕೆರೆಏರಿ

ಬಹಳ ಉಪಕಾರ. ಒಂದೇ ಅನುಮಾನ: ಶನಿವಾರಕ್ಕೆ ವಾಯವ್ಯ, ಸಂಜೆ ಸದರ್ಲಿ, ಭಾನುವಾರ ದಕ್ಷಿಣ ಗಾಳಿ ಕಡಿಮೆಯಾಗುತ್ತದೆ ಎಂದಿದೆ. ಶನಿವಾರ ಬೆಳಿಗ್ಗೆಯೇ ಹೊರಟು ಭಾನುವಾರ ವಾಪಸ್ ಬರಬಹುದೇ?

ಘಟ್ಟದಾಚೆ

ಬೇಡ. ಶನಿವಾರ ಫ್ರಂಟ್‌ನ ಮುಂದಿನ ಮಳೆ ಪೂರ್ತಿ ಪಾಸ್‌ನ ಮೇಲೆ, ಪಾಸ್ ದಾಟಿದ ಮೇಲಿನ ಒಟಿರಾ ಇಳಿಜಾರಿನಲ್ಲಿ ಕಲ್ಲು ಬೀಳುವುದೂ ಆಗಲೇ. ಭಾನುವಾರ ಬೆಳಿಗ್ಗೆ ಒಂಬತ್ತರ ಮೇಲೆ, ರಸ್ತೆ ತೆರೆದಿದೆ ಎಂದು ಖಚಿತ ಮಾಡಿಕೊಂಡು ಹೊರಟು ಸೋಮವಾರ ಬನ್ನಿ. ಒಂಬತ್ತು ಏಕೆಂದರೆ ನೆರಳಿನ ತಿರುವುಗಳಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ ಕರಗಲು ಅಷ್ಟು ಹೊತ್ತು ಬೇಕು.

ಹಿತ್ತಲಬಳ್ಳಿ

ಹೊರಡುವ ಮೊದಲು ಟೊಮೇಟೊ ಸಸಿಗೆ ಬಟ್ಟೆ ಹೊದಿಸಿ. ಭಾನುವಾರ ರಾತ್ರಿ ಗಾಳಿ ನಿಲ್ಲುತ್ತದೆ.